ಬಾಖ್‌ನ ಗೋಲ್ಡ್‌ಬರ್ಗ್: ಬಲಗೈ ಬಿಟ್ಟು ಎಡಗೈ ಕೇಳಿ

ಪ್ರಶ್ನೆ: ನನ್ನ ಮಗಳು 3 ವರ್ಷದಿಂದ ಪಿಯಾನೋ ಕಲಿಯುತ್ತಿದ್ದಾಳೆ. ಹೋದ ತಿಂಗಳು ಅವಳ ಮೇಷ್ಟ್ರು ಬಾಖ್‌ನ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ ಪೂರ್ತಿ ನುಡಿಸಿದರು. ಸುಮಾರು ಒಂದೂಕಾಲು ಗಂಟೆ. ಕೊನೆಗೆ, ಶುರುವಿನಲ್ಲಿ ನುಡಿಸಿದ್ದನ್ನೇ ಮತ್ತೆ ನುಡಿಸಿದರು. ಆಗ ಪಕ್ಕದಲ್ಲಿದ್ದವರು ಕಣ್ಣೊರೆಸಿಕೊಂಡರು. ನನಗೂ ಗಂಟಲು ಕಟ್ಟಿತು. ಯಾಕೆ ಅಂತ ಗೊತ್ತಾಗಲಿಲ್ಲ. ಮನೆಗೆ ಬಂದು ಓದಿದರೆ, ನಿದ್ದೆ ಬಾರದ ಒಬ್ಬ ಶ್ರೀಮಂತನಿಗೆ ಬರೆದದ್ದು ಅಂತ ಒಂದು ಕಡೆ, ಬೆರಳಿನ ಅಭ್ಯಾಸಕ್ಕೆ ಬರೆದದ್ದು ಅಂತ ಇನ್ನೊಂದು ಕಡೆ. ನಾನು ಕರ್ನಾಟಕ ಸಂಗೀತ ಸ್ವಲ್ಪ ಕಲಿತವಳು, ಪಾಶ್ಚಾತ್ಯ ಸಂಗೀತ ಏನೂ ಗೊತ್ತಿಲ್ಲ. ಹೀಗಿದ್ದೂ ಇದು ನನ್ನನ್ನು ಯಾಕೆ ಅಲುಗಾಡಿಸಿತು?

ಉತ್ತರ: ಮೊದಲು ಆ ನಿದ್ದೆಯ ಕಥೆ ನೋಡೋಣ. 1802ರಲ್ಲಿ ಫೋರ್ಕೆಲ್ ಎಂಬವರು ಜರ್ಮನ್ ಸಂಗೀತ ರಚನಕಾರ ಬಾಖ್‌ನ ಜೀವನಚರಿತ್ರೆ ಬರೆದರು. ಕಥೆ ಬಂದಿದ್ದು ಅಲ್ಲಿಂದ. ಕೈಸರ್ಲಿಂಗ್ ಎಂಬ ಪ್ರಭು ಸ್ಯಾಕ್ಸನಿಯ ಆಸ್ಥಾನದಲ್ಲಿ ರಷ್ಯಾದ ರಾಯಭಾರಿಯಾಗಿದ್ದ. ಆರೋಗ್ಯ ಸರಿಯಿಲ್ಲ, ರಾತ್ರಿ ನಿದ್ದೆಯಿಲ್ಲ. ಗೋಲ್ಡ್‌ಬರ್ಗ್ ಎಂಬ ಹುಡುಗ ಪಕ್ಕದ ಕೋಣೆಯಲ್ಲಿ ಕೂತು ಅವನಿಗಾಗಿ ನುಡಿಸುತ್ತಿದ್ದ. ಆ ಹುಡುಗ ನುಡಿಸಲೆಂದು ಏನಾದರೂ ಬರೆದುಕೊಡು ಎಂದು ಪ್ರಭು ಬಾಖ್‌ನನ್ನು ಕೇಳಿದ. ಬರೆದದ್ದಕ್ಕೆ 100 ಚಿನ್ನದ ನಾಣ್ಯ ತುಂಬಿದ ಚಿನ್ನದ ಬಟ್ಟಲು ಕೊಟ್ಟ. ಕಥೆ ಇಷ್ಟು.

ಇದನ್ನು ಪೂರ್ತಿ ನಂಬುವುದು ಕಷ್ಟ. 1741ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಅಚ್ಚಾದ ಪುಸ್ತಕದಲ್ಲಿ ಪ್ರಭುವಿನ ಹೆಸರೇ ಇಲ್ಲ. ಆ ಕಾಲದಲ್ಲಿ ಅಷ್ಟು ದೊಡ್ಡ ಕೊಡುಗೆ ಕೊಟ್ಟವನಿಗೆ ಮೊದಲ ಪುಟದಲ್ಲೇ ಅರ್ಪಣೆ ಇರಬೇಕಿತ್ತು. ಗೋಲ್ಡ್‌ಬರ್ಗ್‌ಗೆ ಆಗಿನ್ನೂ 14 ವರ್ಷ. ಇನ್ನೊಂದು ಮಾತು: ಫೋರ್ಕೆಲ್ ಹೇಳಿದ ಕಥೆಯಲ್ಲೂ ಪ್ರಭು ಕೇಳಿದ್ದು ನಿದ್ದೆ ಬರಿಸುವ ಸಂಗೀತವನ್ನಲ್ಲ. ನಿದ್ದೆಯಿಲ್ಲದ ರಾತ್ರಿಗಳಲ್ಲಿ ಮನಸ್ಸು ಸ್ವಲ್ಪ ಗೆಲುವಾಗಲಿ, ಮೆತ್ತಗೆ ಇರಲಿ, ಲವಲವಿಕೆಯೂ ಇರಲಿ ಎಂದು ಕೇಳಿದ್ದ. ಜೋಗುಳ ಅನ್ನುವುದು ಆಮೇಲೆ ಸೇರಿಕೊಂಡ ಮಾತು. ಇದನ್ನು ಕೇಳುತ್ತಾ ಯಾರಾದರೂ ನಿದ್ದೆ ಹೋದರೆ ನನಗೆ ಆಶ್ಚರ್ಯವಾಗುತ್ತದೆ.

‘ಅಭ್ಯಾಸ’ ಅನ್ನುವುದು ನಿಜ. ಪುಸ್ತಕದ ಮೇಲೇ ‘ಕೀಬೋರ್ಡ್ ಅಭ್ಯಾಸ’ ಎಂದಿದೆ. ಬಾಖ್ 1731ರಿಂದ ಇದೇ ಹೆಸರಿನಲ್ಲಿ ಒಂದೊಂದೇ ಪುಸ್ತಕ ಅಚ್ಚು ಹಾಕಿಸಿದ್ದ, ಇದು ಆ ಸಾಲಿನ ಕೊನೆಯದು. ಆದರೆ ಅದೇ ಪುಟದಲ್ಲಿ ಇನ್ನೊಂದು ಸಾಲು ಇದೆ: ಸಂಗೀತ ಪ್ರೀತಿಸುವವರ ಮನಸ್ಸಿನ ಸಂತೋಷಕ್ಕಾಗಿ ಮಾಡಿದ್ದು. ಬೆರಳಿಗೆ ಅಭ್ಯಾಸ, ಮನಸ್ಸಿಗೆ ಸಂತೋಷ. ಬಾಖ್‌ಗೆ ಇವೆರಡೂ ಬೇರೆ ಬೇರೆ ಅಂತ ಅನ್ನಿಸಿರಲೇ ಇಲ್ಲ. ಆಗ ಅವನಿಗೆ 56 ವರ್ಷ.

ಈಗ ನಿಮ್ಮ ಗಂಟಲು ಕಟ್ಟಿದ ವಿಷಯ. ನನ್ನ ಉತ್ತರ ಒಂದೇ: ನಿಮ್ಮನ್ನು ಅಲುಗಾಡಿಸಿದ್ದು ಎಡಗೈ.

ಆ ಕೃತಿ ಕಟ್ಟಿರುವ ರೀತಿ ನೋಡಿ. ಶುರುವಿಗೆ ಒಂದು ‘ಆರಿಯ’. ನಿಧಾನವಾದ, ಒಡವೆ ತೊಟ್ಟಂತೆ ತುಂಬಾ ಗಮಕದಂಥ ಅಲಂಕಾರಗಳಿರುವ ಹಾಡು. ಆಮೇಲೆ 30 ವೇರಿಯೇಷನ್. ಕೊನೆಗೆ ಮತ್ತೆ ಆರಿಯ. ಒಟ್ಟು 32. ಆರಿಯದಲ್ಲಿ ಇರುವ ಬಾರ್‌ಗಳೂ 32. ಬಾರ್ ಅಂದರೆ ನಮ್ಮ ತಾಳದ ಆವರ್ತದ ಹಾಗೆ, ಇಲ್ಲಿ 3 ಎಣಿಕೆಯದು.

ವೇರಿಯೇಷನ್ ಅಂದಾಗ ನಿಮಗೆ ಕೃತಿಯ ಸಂಗತಿಗಳು ನೆನಪಾಗಿರಬಹುದು. ಸಾಲಿನ ಮೂಲ ರೂಪ ಇಟ್ಟುಕೊಂಡೇ ಮೇಲೆ ಮೇಲೆ ಬೆಳೆಸುವುದು. ಬಾಖ್ ಇಲ್ಲಿ ಹಾಗೆ ಮಾಡಲಿಲ್ಲ. ಮೊದಲ ವೇರಿಯೇಷನ್ ಶುರುವಾದ ಕ್ಷಣದಲ್ಲೇ ಆರಿಯದ ರಾಗ, ಅಂದರೆ ಬಲಗೈ ನುಡಿಸಿದ ಹಾಡಿನ ಧಾಟಿ, ಮಾಯ. ಒಂದು ಚೂರೂ ಉಳಿಯುವುದಿಲ್ಲ. ಮುಂದೆ ಒಂದು ಗಂಟೆಗಿಂತ ಜಾಸ್ತಿ ಹೊತ್ತು ಅದು ವಾಪಸ್ ಬರುವುದೂ ಇಲ್ಲ. ಉಳಿಯುವುದು ಎಡಗೈ ನುಡಿಸಿದ ತಳದ ಸಾಲು ಮಾತ್ರ.

ನೀವು ಕರ್ನಾಟಕ ಸಂಗೀತ ಕಲಿತವರು, ಹಾಗಾಗಿ ಇದನ್ನು ಹಾಡಿಯೇ ನೋಡಬಹುದು. ಶಂಕರಾಭರಣ ಇಟ್ಟುಕೊಳ್ಳಿ. ಬಾರ್‌ಗೆ ಒಂದು ಸ್ವರ. ಸ, ನಿ, ದ, ಪ ಎಂದು ಇಳಿಯಿರಿ. ಅಲ್ಲಿಂದ ಇನ್ನೂ ಕೆಳಗಿನ ಗ ಮುಟ್ಟಿ. ಮತ್ತೆ ಮ, ಪ ಎಂದು ಹತ್ತಿ, ಕೊನೆಗೆ ಕೆಳಗಿನ ಸ ಮೇಲೆ ನಿಲ್ಲಿ. ಸ ನಿ ದ ಪ, ಗ ಮ ಪ ಸ. ಇಷ್ಟೇ. 8 ಸ್ವರ, 8 ಬಾರ್. ಇದು ಮನೆ. ಮುಂದಿನ 8 ಬಾರ್‌ನಲ್ಲಿ ಸಾಲು ಪ ಕಡೆಗೆ ಹೋಗಿ ಅದನ್ನೇ ನೆಲೆ ಮಾಡಿಕೊಳ್ಳುತ್ತದೆ. ಮೂರನೆಯ 8 ಬಾರ್‌ನಲ್ಲಿ ದ ಮೇಲೆ ಹೋಗಿ ಕೂರುತ್ತದೆ, ಅಲ್ಲಿ ಸ್ವಲ್ಪ ಮೋಡ ಕವಿದ ಹಾಗೆ. ಕೊನೆಯ 8ರಲ್ಲಿ ಮತ್ತೆ ಸ, ಮನೆಗೆ. ಹೊರಟು, ದೂರ ಹೋಗಿ, ಮಂಕಾಗಿ, ತಿರುಗಿ ಬರುವ ದಾರಿ ಇದು.

ಆ ಮೊದಲ 8 ಸ್ವರಗಳು ಬಾಖ್‌ನ ಸ್ವಂತ ಆಸ್ತಿಯೇನಲ್ಲ. ಅವನ ಸಮಕಾಲೀನ ಹ್ಯಾಂಡೆಲ್ ಕೂಡ ಇದೇ ಸಾಲಿನ ಮೇಲೆ ವೇರಿಯೇಷನ್ ಬರೆದಿದ್ದಾನೆ. ಎಲ್ಲರೂ ಓಡಾಡಿದ ಹಳೇ ದಾರಿ.

ಈಗ ಲೆಕ್ಕ ಹಾಕಿ. ಪ್ರತಿ ಭಾಗದಲ್ಲೂ ಮೊದಲರ್ಧ ಎರಡು ಸಲ, ಎರಡನೆಯ ಅರ್ಧ ಎರಡು ಸಲ ನುಡಿಸಬೇಕು ಎಂದು ಬಾಖ್ ಗುರುತು ಹಾಕಿದ್ದಾನೆ. ಒಂದೂಕಾಲು ಗಂಟೆ ಆಯಿತು ಅಂದರೆ ನಿಮ್ಮ ಮಗಳ ಮೇಷ್ಟ್ರು ಅದನ್ನೆಲ್ಲ ಪಾಲಿಸಿರಬೇಕು. ಹಾಗಾದರೆ ಕೊನೆಯ ಆರಿಯ ಶುರುವಾಗುವ ಹೊತ್ತಿಗೆ ನೀವು ಆ ದಾರಿಯಲ್ಲಿ 62 ಸಲ ನಡೆದಿದ್ದೀರಿ. ಒಮ್ಮೆ ಕುಣಿದು, ಒಮ್ಮೆ ಓಡಿ, ಒಮ್ಮೆ ಅಳುತ್ತಾ. ನೀವು ಎಣಿಸಲಿಲ್ಲ, ಗಮನಿಸಲೂ ಇಲ್ಲ. ಆದರೆ ಕತ್ತಲಲ್ಲೂ ನಮ್ಮ ಮನೆ ಮೆಟ್ಟಿಲು ಕಾಲಿಗೆ ಗೊತ್ತಿರುತ್ತದೆ, ಅಲ್ವಾ? ಹಾಗೆ ಆ ದಾರಿ ನಿಮ್ಮ ಮೈಗೆ ಗೊತ್ತಾಗಿತ್ತು.

ಇದನ್ನು ನನಗೆ ತೋರಿಸಿಕೊಟ್ಟವರು ನಮ್ಮಮ್ಮ. ನಾನು ಈ ಆರಿಯ ಕಲಿಯುವಾಗ ನನ್ನ ಗುರುಗಳು ಒಂದು ತಿಂಗಳು ಬಲಗೈ ಮುಟ್ಟಲು ಬಿಡಲಿಲ್ಲ. ದಿನಾ ಸಂಜೆ ಎಡಗೈ ಮಾತ್ರ. ಆಮೇಲೆ ಎರಡೂ ಕೈ, ಆಮೇಲೆ ವೇರಿಯೇಷನ್‌ಗಳು. ಹೀಗೆ ವರ್ಷ ಕಳೆಯಿತು. ಅಮ್ಮ ದೇವರನಾಮ ಹಾಡುತ್ತಿದ್ದವರು. ಪಿಯಾನೋ ಅವರಿಗೆ ಮಗ ಮಾಡುವ ಸದ್ದು, ಅಷ್ಟೇ. ಒಂದು ದಿನ ಅಡುಗೆಮನೆಯಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಏನೋ ಗುನುಗುತ್ತಿದ್ದರು. ಕಿವಿಗೊಟ್ಟರೆ ಸ ನಿ ದ ಪ, ಗ ಮ ಪ ಸ. ಆ ಹೊತ್ತಿಗೆ ನಾನು ಆರಿಯ ನುಡಿಸಿ ತಿಂಗಳುಗಳೇ ಆಗಿದ್ದವು. ಬರೀ ವೇರಿಯೇಷನ್‌ಗಳನ್ನು ತಿದ್ದುತ್ತಿದ್ದೆ. ‘ಅದೇನಮ್ಮಾ ಹಾಡ್ತಿರೋದು?’ ಅಂದೆ. ‘ನೀನು ದಿನಾ ನುಡಿಸ್ತೀಯಲ್ಲೋ, ಅದೇ’ ಅಂದರು. ನಾನು ಹತ್ತಾರು ಬೇರೆ ಬೇರೆ ತುಣುಕು ನುಡಿಸುತ್ತಿದ್ದೆ. ಅವರ ಕಿವಿಗೆ ಅದೆಲ್ಲ ಒಂದೇ ಹಾಡಾಗಿತ್ತು. ಬಾಖ್ ಬಯಸಿದ್ದೂ ಅದನ್ನೇ ಎಂದು ನಾನು ನಂಬಿದ್ದೇನೆ.

ಮೇಲುಗಡೆ ಏನೇನು ನಡೆಯುತ್ತದೆ ಅನ್ನುವುದು ಬೇರೆ ಸಂಭ್ರಮ. ಪ್ರತಿ ಮೂರನೆಯ ವೇರಿಯೇಷನ್ ಒಂದು ಕ್ಯಾನನ್. ಅಂದರೆ ಒಬ್ಬರು ಹಾಡಿದ್ದನ್ನೇ ಇನ್ನೊಬ್ಬರು ಸ್ವಲ್ಪ ತಡವಾಗಿ ಹಾಡುತ್ತಾ ಹಿಂಬಾಲಿಸುವುದು. 3ನೆಯದರಲ್ಲಿ ಹಿಂಬಾಲಿಸುವ ದನಿ ಅದೇ ಸ್ವರದಿಂದ ಶುರು ಮಾಡುತ್ತದೆ. 6ನೆಯದರಲ್ಲಿ ಒಂದು ಸ್ವರ ದೂರದಿಂದ. 9ನೆಯದರಲ್ಲಿ ಎರಡು. ಹೀಗೆ ದೂರ ಹೆಚ್ಚುತ್ತಾ 27ರವರೆಗೆ ಹೋಗುತ್ತದೆ. 12 ಮತ್ತು 15ರಲ್ಲಿ ಇನ್ನೂ ಒಂದು ಕಷ್ಟ: ಮೊದಲ ದನಿ ಹತ್ತಿದರೆ ಹಿಂಬಾಲಿಸುವ ದನಿ ಇಳಿಯಬೇಕು. ಇದನ್ನು ಗಣಿತ ಅನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಇಬ್ಬರು ಮಾತಾಡುತ್ತಾ ನಡೆಯುವುದನ್ನು ಹಿಂದಿನಿಂದ ಕೇಳಿಸಿಕೊಂಡ ಹಾಗಿರುತ್ತದೆ. ನಿಮಗೆ ಕ್ಯಾನನ್ ಗುರುತು ಸಿಗಲಿಲ್ಲ ಅಂದರೆ ನಷ್ಟವೇನೂ ಇಲ್ಲ.

15ನೆಯದರ ಬಗ್ಗೆ ಮಾತ್ರ ನಿಂತು ಹೇಳಬೇಕು. ಅಲ್ಲಿಯವರೆಗೆ ಎಲ್ಲ ಬೆಳಕು. ಇಲ್ಲಿ ಮೊದಲ ಸಲ ಮೇಜರ್ (ಶಂಕರಾಭರಣದಂಥ ಗೆಲುವಿನ ಸ್ವರಗಳು) ಹೋಗಿ ಮೈನರ್ (ಮಂಕಾದ ಸ್ವರಗಳು) ಬರುತ್ತದೆ, ನಿಟ್ಟುಸಿರಿನಂಥ ಎರಡೆರಡು ಸ್ವರಗಳು. ಕೊನೆಗೆ ಬಲಗೈ ಒಂದೊಂದೇ ಮೆಟ್ಟಿಲು ಹತ್ತಿ ಮೇಲಿನ ಪ ಮೇಲೆ ನಿಂತುಬಿಡುತ್ತದೆ. ಸ ಮೇಲೆ ಇಳಿಯುವುದಿಲ್ಲ. ಮುಗಿಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ಸಭೆಯಲ್ಲಿ ಯಾರೂ ಉಸಿರಾಡದ ಒಂದು ಕ್ಷಣ ಅದು. ಆಮೇಲೆ 16ನೆಯದು ತುಂಬು ಸ್ವರಗುಚ್ಛದೊಂದಿಗೆ ದೊಡ್ಡ ಬಾಗಿಲು ತೆರೆದ ಹಾಗೆ ಬರುತ್ತದೆ. ಇದು ಫ್ರೆಂಚ್ ಓವರ್ಚರ್, ಆಗಿನ ಆಸ್ಥಾನಗಳಲ್ಲಿ ಕಾರ್ಯಕ್ರಮದ ಶುರುವಿಗೆ ನುಡಿಸುತ್ತಿದ್ದ ಬಗೆ. ಕೃತಿಯ ನಟ್ಟನಡುವೆ ಬಾಖ್ ಹೊಸದಾಗಿ ಶುರು ಮಾಡುತ್ತಾನೆ.

25ನೆಯದನ್ನು ಪೋಲಿಷ್ ಕಲಾವಿದೆ ವಾಂಡಾ ಲಾಂಡೊವ್‌ಸ್ಕಾ ‘ಕಪ್ಪು ಮುತ್ತು’ ಎಂದು ಕರೆದರು. ಈ ಕೃತಿಯನ್ನು 1933ರಲ್ಲಿ ಹಾರ್ಪ್ಸಿಕಾರ್ಡ್ ಎಂಬ, ಪಿಯಾನೋಗಿಂತ ಹಳೆಯ ಕೀಬೋರ್ಡ್ ವಾದ್ಯದ ಮೇಲೆ ನುಡಿಸಿ ರೆಕಾರ್ಡ್ ಮಾಡಿದವರು ಅವರು. ಇಡೀ ಕೃತಿಯ ಅತ್ಯಂತ ನೋವಿನ ಜಾಗ ಇದು. ಕೆಲವರು ಇದೊಂದಕ್ಕೇ 8 ನಿಮಿಷಕ್ಕಿಂತ ಜಾಸ್ತಿ ತೆಗೆದುಕೊಳ್ಳುತ್ತಾರೆ. ಇಲ್ಲಿ ಎಡಗೈಯನ್ನು ಕೇಳಿ. ಸ ನಿ ದ ಪ ಎಂದು ನಾಲ್ಕು ಹೆಜ್ಜೆಯಲ್ಲಿ ಇಳಿಯುತ್ತಿದ್ದ ಸಾಲು ಈಗ ಆರು ಹೆಜ್ಜೆ ಹಾಕುತ್ತದೆ. ಸ, ಕಾಕಲಿ ನಿಷಾದ, ಕೈಶಿಕಿ ನಿಷಾದ, ಚತುಶ್ರುತಿ ಧೈವತ, ಶುದ್ಧ ಧೈವತ, ಪ. ನಮ್ಮ ಯಾವ ಮೇಳಕರ್ತ ರಾಗದಲ್ಲೂ ಎರಡು ನಿ, ಎರಡು ದ ಒಟ್ಟಿಗೆ ಇರುವುದಿಲ್ಲ. ಇಲ್ಲಿ ನಾಲ್ಕೂ ಒಂದರ ಹಿಂದೆ ಒಂದು. ಅದೇ ದಾರಿ, ಆದರೆ ಕಾಲು ಎಳೆದು ಎಳೆದು ಇಡುವ ನಡಿಗೆ. ದಾರಿ ಚೆನ್ನಾಗಿ ಗೊತ್ತಿದ್ದವರಿಗೇ ಆ ಎಳೆತ ತಾಗುವುದು. ಅಲ್ಲಿಯವರೆಗೆ 24 ವೇರಿಯೇಷನ್ ಕೇಳಿರದಿದ್ದರೆ ಇದು ಸುಮ್ನೆ ಒಂದು ದುಃಖದ ತುಣುಕು ಆಗುತ್ತಿತ್ತು.

ಇನ್ನು 27. ಇದು ಕೊನೆಯ ಕ್ಯಾನನ್. ಬೇರೆಲ್ಲ ಕ್ಯಾನನ್‌ಗಳಲ್ಲಿ ಎರಡು ದನಿ ಮೇಲೆ ನಡೆದರೆ, ಕೆಳಗೆ ಮೂರನೆಯದಾಗಿ ತಳದ ಸಾಲು ಇರುತ್ತದೆ. ಇಲ್ಲಿ ಬಾಖ್ ಅದನ್ನು ತೆಗೆದುಬಿಟ್ಟ. ಇರುವುದು ಎರಡೇ ದನಿ. ಆದರೂ ನಮಗೆ ಎಲ್ಲೂ ಕಾಲು ಜಾರಿದ ಹಾಗೆ ಆಗುವುದಿಲ್ಲ. ಆ ಹೊತ್ತಿಗೆ ತಳದ ಸಾಲನ್ನು ನಾವೇ ಒಳಗೆ ಹಾಡಿಕೊಳ್ಳುತ್ತಿರುತ್ತೇವೆ. ಮಕ್ಕಳಿಗೆ ಸೈಕಲ್ ಕಲಿಸುವಾಗ ಹಿಂದಿನಿಂದ ಹಿಡಿದ ಕೈಯನ್ನು ಹೇಳದೆ ಬಿಡುತ್ತೇವಲ್ಲ, ಬಾಖ್ ಇಲ್ಲಿ ಹಾಗೆ ಕೈ ಬಿಡುತ್ತಾನೆ.

ನುಡಿಸುವವರಿಗೆ ಇದು ಯಾಕೆ ಇಷ್ಟು ಮುಖ್ಯ ಎಂದೂ ಹೇಳಬೇಕು. ಬಾಖ್ ಇದನ್ನು ಬರೆದದ್ದು ಎರಡು ಕೀಬೋರ್ಡ್ ಇರುವ ಹಾರ್ಪ್ಸಿಕಾರ್ಡ್‌ಗೆ. ಒಂದರ ಮೇಲೊಂದು ಮೆಟ್ಟಿಲಂತೆ ಇರುತ್ತವೆ. ಒಂದು ಕೈ ಮೇಲೆ, ಒಂದು ಕೈ ಕೆಳಗೆ, ಆರಾಮಾಗಿ ಅಡ್ಡ ದಾಟಬಹುದು. ಪಿಯಾನೋದಲ್ಲಿ ಇರುವುದು ಒಂದೇ. 8, 11, 14, 20, 23, 26ನೆಯ ವೇರಿಯೇಷನ್‌ಗಳಲ್ಲಿ ಎರಡೂ ಕೈ ಒಂದೇ ಜಾಗಕ್ಕೆ ಬಂದು ಡಿಕ್ಕಿ ಹೊಡೆಯುತ್ತವೆ. ಯಾವ ಬೆರಳು ಮೇಲೆ, ಯಾವುದು ಅಡಿಯಲ್ಲಿ, ಯಾವ ಸ್ವರವನ್ನು ಯಾವ ಕೈ ಎಷ್ಟು ಬೇಗ ಬಿಡಬೇಕು ಎಂದು ಒಂದೊಂದೇ ತೀರ್ಮಾನ ಮಾಡಬೇಕು. ನಾನು 20ನೆಯದರ ಒಂದು ಪುಟಕ್ಕೆ ಮೂರು ತಿಂಗಳು ಕೊಟ್ಟಿದ್ದೇನೆ. ಇಷ್ಟು ಕಷ್ಟಪಟ್ಟ ಮೇಲೆ ಕೇಳುವವರಿಗೆ ಅದು ಆಟದ ಹಾಗೆ ಕೇಳಿಸಬೇಕು. ಇನ್ನೊಂದು ವಿಷಯ: ಹಾರ್ಪ್ಸಿಕಾರ್ಡ್‌ನಲ್ಲಿ ತಂತಿಯನ್ನು ಮೀಟುವುದಷ್ಟೇ. ಬೆರಳು ಮೆತ್ತಗೆ ಒತ್ತಿದರೂ ಜೋರಾಗಿ ಒತ್ತಿದರೂ ಸದ್ದು ಹೆಚ್ಚು ಕಡಿಮೆ ಒಂದೇ. ಹಾಗಾಗಿ ಭಾವವನ್ನೆಲ್ಲ ಬಾಖ್ ಸ್ವರಗಳಲ್ಲೇ ತುಂಬಿಡಬೇಕಾಯಿತು. ಅದಕ್ಕೇ ಈ ಕೃತಿ ಯಾವ ವಾದ್ಯಕ್ಕೆ ಹೋದರೂ ಬದುಕುತ್ತದೆ. ವಯಲಿನ್, ವಿಯೋಲಾ, ಚೆಲ್ಲೋ ಮೂರಕ್ಕೂ ಹೊಂದಿಸಿ ವಯಲಿನ್ ವಾದಕ ಸಿಟ್ಕೊವೆಟ್ಸ್ಕಿ ಮಾಡಿದ ರೂಪ ಕೇಳಿ, ಒಂದು ಭಾವವೂ ಕಳೆದುಹೋಗಿಲ್ಲ.

ಗ್ಲೆನ್ ಗೂಲ್ಡ್ ಹೆಸರು ನಿಮ್ಮ ಮಗಳ ಕಿವಿಗೂ ಬಿದ್ದಿರುತ್ತದೆ. ಕೆನಡಾದ ಈ ಪಿಯಾನೋ ವಾದಕ 1955ರ ಜೂನ್‌ನಲ್ಲಿ, 22ನೆಯ ವಯಸ್ಸಿನಲ್ಲಿ, ನ್ಯೂಯಾರ್ಕ್‌ನ ಒಂದು ಸ್ಟುಡಿಯೋದಲ್ಲಿ ಇದನ್ನು ರೆಕಾರ್ಡ್ ಮಾಡಿದರು. ಮೊದಲು ಅದು ಚರ್ಚ್ ಆಗಿತ್ತು. ಕೂರಲು ಅವರದೇ ಗಿಡ್ಡ ಮಡಚುವ ಕುರ್ಚಿ. ಮರುನುಡಿಕೆ ಒಂದೂ ಇಲ್ಲ, 38 ನಿಮಿಷದಲ್ಲಿ ಮುಗಿಯಿತು. ಅಲ್ಲಿಯವರೆಗೆ ಪಂಡಿತರ ಕೃತಿ ಅನ್ನಿಸಿಕೊಂಡಿದ್ದನ್ನು ಸಾಮಾನ್ಯ ಜನ ಕೊಂಡು ಕೇಳಿದರು. 1981ರಲ್ಲಿ ಅದೇ ಸ್ಟುಡಿಯೋಗೆ ಹೋಗಿ ಮತ್ತೆ ನುಡಿಸಿದರು. ಈ ಸಲ 51 ನಿಮಿಷ. ಮೊದಲ ಸಲ 2 ನಿಮಿಷದೊಳಗೆ ಮುಗಿದಿದ್ದ ಆರಿಯ ಈಗ 3 ನಿಮಿಷ ತೆಗೆದುಕೊಂಡಿತು. ಒಂದೊಂದು ಸ್ವರವನ್ನೂ ಕೈಯಲ್ಲಿ ಹಿಡಿದು ನೋಡಿ ಇಟ್ಟ ಹಾಗಿದೆ. ಅದು ಹೊರಬಂದ ಸ್ವಲ್ಪ ದಿನಕ್ಕೇ, 1982ರ ಅಕ್ಟೋಬರ್ 4ರಂದು ಅವರು ತೀರಿಕೊಂಡರು. 50 ವರ್ಷ. ನನ್ನ ಮಟ್ಟಿಗೆ ಎರಡನೆಯದೇ ದೊಡ್ಡದು. ಅದರಲ್ಲಿ ಎಡಗೈ ಎಷ್ಟು ಸ್ಪಷ್ಟವಾಗಿದೆ ಅಂದರೆ, ಕೇಳುತ್ತಾ ಬರೆದುಕೊಳ್ಳಬಹುದು. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಮೊದಲನೆಯದನ್ನೇ ಮೆಚ್ಚುತ್ತಾರೆ.

ಈಗ ಕೊನೆಗೆ ಬರೋಣ. 30ನೆಯದು ಲೆಕ್ಕದ ಪ್ರಕಾರ ಇನ್ನೊಂದು ಕ್ಯಾನನ್ ಆಗಬೇಕಿತ್ತು. ಬಾಖ್ ಅಲ್ಲಿ ಜನಪದ ಹಾಡುಗಳನ್ನು ತಂದು ಒಂದರೊಳಗೊಂದು ಹೆಣೆದ. ಬಾಖ್‌ನ ಬಂಧುಗಳು ವರ್ಷಕ್ಕೊಮ್ಮೆ ಸೇರುತ್ತಿದ್ದರಂತೆ. ಮೊದಲು ದೇವರ ಹಾಡು, ಆಮೇಲೆ ತಮಾಷೆ ಹಾಡುಗಳನ್ನು ಒಟ್ಟಿಗೆ ಹಾಡುತ್ತಾ ಹೊಟ್ಟೆ ತುಂಬಾ ನಗುವುದು. ಇದನ್ನು ಬರೆದಿಟ್ಟವರೂ ಫೋರ್ಕೆಲ್ಲೇ. ಈ ವೇರಿಯೇಷನ್‌ನ ಒಂದು ಹಾಡು ಹೇಳುವುದು: ಎಲೆಕೋಸು, ಟರ್ನಿಪ್ ಗೆಡ್ಡೆ ನನ್ನನ್ನು ಮನೆ ಬಿಟ್ಟು ಓಡಿಸಿದವು, ಅಮ್ಮ ಮಾಂಸ ಬೇಯಿಸಿದ್ದರೆ ಇನ್ನೂ ಸ್ವಲ್ಪ ದಿನ ಇರುತ್ತಿದ್ದೆ. ಇನ್ನೊಂದು: ನಿನ್ನ ಹತ್ತಿರ ಬಂದು ಎಷ್ಟು ದಿನ ಆಯಿತು, ಬಾ, ಹತ್ತಿರ ಬಾ. ಇದೂ ಅದೇ ತಳದ ಸಾಲಿನ ಮೇಲೆ. ಅಷ್ಟು ಕಠಿಣ ವಿದ್ಯೆಯನ್ನೆಲ್ಲ ತೋರಿಸಿದ ಮೇಲೆ ಬಾಖ್ ನಮ್ಮನ್ನು ಊಟದ ಮನೆಗೆ ಕರೆದುಕೊಂಡು ಹೋಗುತ್ತಾನೆ. ಎಲ್ಲರೂ ಕೂತು ಹಾಡುತ್ತಿದ್ದಾರೆ, ಮನಸ್ಸು ಸಡಿಲವಾಗಿದೆ. ಆ ಸಡಿಲದಲ್ಲೇ ಆರಿಯ ಬರುತ್ತದೆ.

‘ನಿನ್ನ ಹತ್ತಿರ ಬಂದು ಎಷ್ಟು ದಿನ ಆಯಿತು’ ಅಂದ ಬೆನ್ನಿಗೇ ಅದು ಬರುವುದು. ನೀವು ಕಣ್ಣೊರೆಸಿಕೊಂಡವರನ್ನು ಕಂಡದ್ದು ಆಗಲೇ. ಆ ಹಾಡಿನ ಮಾತು ಅವರಿಗೆ ಗೊತ್ತಿರಬೇಕಿಲ್ಲ. ಬಲಗೈಯ ರಾಗ ಒಂದು ಗಂಟೆಯಿಂದ ಕಾಣದ್ದು. ಎಡಗೈಯ ದಾರಿ ಇಷ್ಟು ಹೊತ್ತೂ ಜೊತೆಗೇ ಇದ್ದದ್ದು. ಮೊದಲ ಸಲ ಕೇಳಿದಾಗ ನೀವು ರಾಗವನ್ನಷ್ಟೇ ಕೇಳಿದ್ದಿರಿ. ಈಗ ಎರಡೂ ಒಟ್ಟಿಗೆ ಕೇಳಿಸಿತು.

ಬಾಖ್‌ಗೂ ಈ 8 ಸ್ವರ ಬಿಟ್ಟಿರಲಾಗಲಿಲ್ಲ. ಅವನು ತನಗಾಗಿ ಇಟ್ಟುಕೊಂಡಿದ್ದ ಅಚ್ಚಿನ ಪ್ರತಿ 1974ರಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಬೆಳಕಿಗೆ ಬಂತು. ಈಗ ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಅದರ ಕೊನೆಯಲ್ಲಿ ಅವನು ತನ್ನ ಕೈಯಾರೆ ಇನ್ನೂ 14 ಪುಟ್ಟ ಕ್ಯಾನನ್‌ಗಳನ್ನು ಬರೆದಿದ್ದಾನೆ. ಎಲ್ಲವೂ ಸ ನಿ ದ ಪ, ಗ ಮ ಪ ಸ ಮೇಲೆ.

ಮನೆಯಲ್ಲಿ ಮಗಳ ಜೊತೆ ಕೂತು ಹೀಗೆ ಮಾಡಿ ನೋಡಿ. ಆರಿಯ ಅವಳ ಮಟ್ಟಕ್ಕೆ ಮೀರಿದ್ದೇನಲ್ಲ, ಅಲಂಕಾರಗಳನ್ನು ಬಿಟ್ಟರೆ ನುಡಿಸಬಹುದು. ಮೊದಲು ಎಡಗೈ ಮಾತ್ರ ನುಡಿಸಲಿ. ನೀವು ಸ್ವರ ಹಾಡಿ. ಎರಡು ದಿನ ಅಷ್ಟೇ ಸಾಕು. ಆಮೇಲೆ 1ನೆಯ ವೇರಿಯೇಷನ್ ಹಾಕಿ, ಅದರ ಮೇಲೆ ನಿಮ್ಮ ಸ್ವರಗಳನ್ನು ಹಾಡಿಕೊಳ್ಳಿ. ಬಾರ್‌ಗೆ ಒಂದು. ಮೊದಲು ತಪ್ಪುತ್ತದೆ. ಮೂರನೆಯ ಸಲಕ್ಕೆ ಕೂಡಿಬರುತ್ತದೆ. ಎಲ್ಲವನ್ನೂ ಒಂದೇ ದಿನ ಕೇಳಬೇಡಿ. ದಿನಕ್ಕೆ ಮೂರು ಸಾಕು, ಒಂದು ಕ್ಯಾನನ್ ಮುಗಿದ ಕೂಡಲೇ ನಿಲ್ಲಿಸಿ. ಹತ್ತು ದಿನ ಆಗುತ್ತದೆ. ಹನ್ನೊಂದನೆಯ ದಿನ ಕೊನೆಯ ಆರಿಯ ಮಾತ್ರ.

ಆ ದಿನ ಮಗಳ ಹತ್ತಿರ ಪುಸ್ತಕ ಇದ್ದರೆ ಒಂದು ವಿಷಯ ತೋರಿಸಿ. ಬಾಖ್ ಅಚ್ಚು ಹಾಕಿಸಿದ ಪ್ರತಿಯಲ್ಲಿ ಕೊನೆಯ ಆರಿಯಕ್ಕೆ ಪುಟವೇ ಇಲ್ಲ. 30ನೆಯದರ ಕೆಳಗೆ ‘ಆರಿಯ ಮತ್ತೆ ಮೊದಲಿಂದ, ಅಲ್ಲಿಗೆ ಮುಕ್ತಾಯ’ ಎಂದು ಒಂದೇ ಸಾಲು. ನುಡಿಸುವವರು ಅಲ್ಲಿ ನಿಲ್ಲಿಸಿ, ಅಷ್ಟೂ ಹಾಳೆಗಳನ್ನು ಹಿಂದಕ್ಕೆ ಮಗುಚಿ, ಮೊದಲ ಪುಟ ಹುಡುಕಬೇಕು. ನಿಮ್ಮ ಮಗಳೇ ಮಗುಚಲಿ.